ಯಾರೂ ಹಚ್ಚದ ಗಿಡಗಳು

ಮಹಾಲಿಂಗಪುರದಿಂದ ಢವಳೇಶ್ವರದ ಕಡೆ ಹೊರಟರೆ ದಾರಿಯ ಎರಡೂ ಬದಿಗೆ ಕಬ್ಬು. ಘಟಪ್ರಭೆಯ ನೀರು ಹರಿದಲ್ಲೆಲ್ಲ ಕಬ್ಬೇ ನಿಂತಿದೆ. ನಮ್ಮೂರಿನ ಬೆಲ್ಲದ ಪೇಟೆ ಹೆಸರು ಮಾಡಿದ್ದೂ ಅದರಿಂದಲೇ. ಆದರೆ ನನ್ನ ಕಣ್ಣು ಕಬ್ಬಿಗಿಂತ ಮೊದಲು ಹೋಗುವುದು ಬದುವಿನ ಮೇಲಿನ ಗಿಡಗಳ ಕಡೆಗೆ. ಇಲ್ಲೊಂದು ಬೇವು, ಅಲ್ಲೊಂದು ಜಾಲಿ, ಕಾಲುವೆಯ ಏರಿಯ ಮೇಲೆ ಬಾರಿಗಿಡದ ಮೆಳೆ, ಎರಡು ಹೊಲಗಳ ಗಡಿಯಲ್ಲಿ ಒಂಟಿಯಾಗಿ ಒಂದು ಬನ್ನಿ. ಇವನ್ನು ಯಾರು ಹಚ್ಚಿದರು ಎಂದು ಹೊಲದವರನ್ನು ಕೇಳಿ ನೋಡಿ. "ಯಾರ ಹಚ್ಚತಾರ್ರೀ, ತಾನ ಹುಟ್ಟೇತಿ" ಎನ್ನುತ್ತಾರೆ. ಅಜ್ಜನ ಕಾಲದ ಮಾವಿನ ಗಿಡವಾದರೆ ಅದನ್ನು ಹಚ್ಚಿದವರು ಯಾರು, ಸಸಿ ಎಲ್ಲಿಂದ ತಂದರು, ಮೊದಲ ಫಲ ಯಾವ ದೇವರಿಗೆ ಹೋಯಿತು ಎಂಬ ಕಥೆ ಮನೆಮಂದಿಗೆಲ್ಲ ಬಾಯಿಪಾಠ. ಬದುವಿನ ಬೇವಿಗೆ ಅಂಥ ಕಥೆ ಇಲ್ಲ. ಅದರ ನೆರಳಲ್ಲಿ ಬುತ್ತಿ ಬಿಚ್ಚುತ್ತೇವೆ, ಎತ್ತು ಕಟ್ಟುತ್ತೇವೆ, ಯುಗಾದಿಗೆ ಅದರ ಹೂವು ಕೀಳುತ್ತೇವೆ. ಅದನ್ನು ಅಲ್ಲಿಗೆ ತಂದವರ ಸುದ್ದಿ ಮಾತ್ರ ಯಾರೂ ಎತ್ತುವುದಿಲ್ಲ. ಆ ಸುದ್ದಿ ಎತ್ತಬೇಕೆಂದೇ ಈ ಬರಹ.

ಬೇವಿನಿಂದಲೇ ಶುರು ಮಾಡುತ್ತೇನೆ. ಮುಂಗಾರಿನ ಹೊತ್ತಿಗೆ ಬೇವಿನ ಹಣ್ಣು ಹಳದಿಯಾಗುತ್ತದೆ. ಎಲೆ, ತೊಗಟೆ ಎಲ್ಲ ಕಹಿ ಇರುವ ಗಿಡದಲ್ಲಿ ಹಣ್ಣಿನ ಲೋಳೆಗೆ ಮಾತ್ರ ಸಿಹಿ ಇದೆ. ಗೊರವಂಕ, ಪಿಕಳಾರ, ಕೋಗಿಲೆ, ಕಾಗೆ ಎಲ್ಲವೂ ಬರುತ್ತವೆ. ಹಣ್ಣು ನುಂಗುತ್ತವೆ, ಬೇರೆ ಗಿಡಕ್ಕೆ ಹಾರುತ್ತವೆ, ತಿರುಳು ಕರಗಿದ ಮೇಲೆ ಬೀಜವನ್ನು ಕಕ್ಕುತ್ತವೆ. ರಾತ್ರಿ ಪಾಳಿ ಬಾವಲಿಯದು. ಅದು ಬೇವಿನ ಗಿಡದಲ್ಲೇ ಕೂತು ತಿನ್ನುವುದಿಲ್ಲ. ಹಣ್ಣು ಕಚ್ಚಿಕೊಂಡು ತನಗೆ ನೆಮ್ಮದಿ ಎನಿಸಿದ ಬೇರೊಂದು ಗಿಡಕ್ಕೆ ಒಯ್ದು, ರಸ ಹೀರಿ ಬೀಜ ಉದುರಿಸುತ್ತದೆ. ಬೆಳಗ್ಗೆ ಆಲದ ಕೆಳಗೆ ಬೇವಿನ ಬೀಜ ಗುಡ್ಡೆಯಾಗಿ ಬಿದ್ದಿರುವುದು ಹೀಗೆ. ಈ ಕೆಲಸಕ್ಕೆ ಅವಸರವೂ ಇದೆ. ಜೋಳದ ಕಾಳಿನಂತೆ ಬೇವಿನ ಬೀಜವನ್ನು ವರ್ಷಗಟ್ಟಲೆ ಕಾಯ್ದಿಡಲಾಗದು. ಅದರ ಜೀವ ಕೆಲವೇ ವಾರಗಳದು. ಹಣ್ಣಾಗುವುದಕ್ಕೂ ಮಳೆ ಹಿಡಿಯುವುದಕ್ಕೂ ಗಿಡ ಹೊಂದಿಸಿಕೊಂಡಿರುವ ಲೆಕ್ಕ ತಪ್ಪಿದರೆ ಆ ವರ್ಷದ ಬೀಜವೆಲ್ಲ ಹೋದಂತೆ.

ಇನ್ನು ಆ ಬೀಜ ಬೀಳುವ ಜಾಗ. ನಮ್ಮ ಬದುಗಳಲ್ಲಿ ನೀವು ಗಮನಿಸಿರಬಹುದು, ಎಷ್ಟೋ ಬೇವಿನ ಗಿಡಗಳ ಬುಡದಲ್ಲಿ ಒಂದು ಮುದಿ ಜಾಲಿ ಇರುತ್ತದೆ, ಅಥವಾ ಜಾಲಿಯ ಒಣಗಿದ ಕೊರಡಾದರೂ ಇರುತ್ತದೆ. ಹಕ್ಕಿಗೆ ಕೂರಲು ಒಂದು ಟೊಂಗೆ ಬೇಕು. ಬಯಲು ಹೊಲದಲ್ಲಿ ಆ ಟೊಂಗೆ ಜಾಲಿಯದು. ಕೂತಲ್ಲಿ ಕಕ್ಕಿದ ಬೀಜ ಜಾಲಿಯ ಬುಡಕ್ಕೆ ಬೀಳುತ್ತದೆ. ಅಲ್ಲಿ ನೆಲಕ್ಕೆ ಸ್ವಲ್ಪ ತಂಪು ಇದೆ, ಉದುರಿದ ಎಲೆಯ ಗೊಬ್ಬರ ಇದೆ. ಎಲ್ಲಕ್ಕಿಂತ ಮುಖ್ಯವಾಗಿ ಸುತ್ತ ಮುಳ್ಳಿದೆ. ಆಡು ಬಾಯಿ ಹಾಕುವುದಿಲ್ಲ, ಎತ್ತು ತುಳಿಯುವುದಿಲ್ಲ, ಕುಂಟೆ ಅಲ್ಲಿಗೆ ಹೋಗುವುದಿಲ್ಲ. ಎಳೆಯ ಬೇವು ಆ ಮುಳ್ಳಿನ ಕಾವಲಿನಲ್ಲಿ ಮೊಣಕಾಲುದ್ದ, ಎದೆಯುದ್ದ ಬೆಳೆದು ಒಂದು ದಿನ ಜಾಲಿಯ ತಲೆ ದಾಟುತ್ತದೆ. ಆಮೇಲೆ ಬಿಸಿಲೆಲ್ಲ ಬೇವಿನ ಪಾಲು. ಕಾಪಾಡಿದ ಜಾಲಿ ನೆರಳಿಗೆ ಸಿಕ್ಕು ನಿಧಾನವಾಗಿ ಸೊರಗುತ್ತದೆ. ನಮ್ಮ ಹೊಲದ ದೊಡ್ಡ ಬೇವಿನ ಬುಡದಲ್ಲಿ ಈಗಲೂ ಜಾಲಿಯ ಒಂದು ಕಪ್ಪು ಬೊಡ್ಡೆ ಉಳಿದಿದೆ. ಬೇವಿನ ಬೇರು ಅದನ್ನು ಸುತ್ತಿ ಒಳಗೆ ಎಳೆದುಕೊಂಡಿದೆ. ಯಾವ ನರ್ಸರಿಯವರೂ ಇಷ್ಟು ಚೆನ್ನಾಗಿ ಸಸಿಗೆ ಬೇಲಿ ಕಟ್ಟಿದ್ದನ್ನು ನಾನು ಕಂಡಿಲ್ಲ.

ಬೀಜ ತಾಯಿಗಿಡದ ಬುಡದಲ್ಲೇ ಬಿದ್ದು ಬೆಳೆದರೆ ಏನಾಗುತ್ತಿತ್ತು ಎಂಬ ಪ್ರಶ್ನೆಯನ್ನು 1970ರಲ್ಲಿ ಡ್ಯಾನಿಯಲ್ ಜಾನ್ಜೆನ್, 1971ರಲ್ಲಿ ಜೋಸೆಫ್ ಕಾನೆಲ್ ಎಂಬ ಇಬ್ಬರು ವಿಜ್ಞಾನಿಗಳು ಬೇರೆ ಬೇರೆಯಾಗಿ ಎತ್ತಿಕೊಂಡರು. ತಾಯಿಗಿಡದ ಹುಳ, ರೋಗ ಎಲ್ಲ ಅದರ ಸುತ್ತಲೇ ಠಿಕಾಣಿ ಹೂಡಿರುತ್ತವೆ. ಬುಡದಲ್ಲಿ ಹುಟ್ಟಿದ ಮರಿಗಳಿಗೆ ಮೊದಲು ತಗಲುವುದು ಅವೇ. ದೂರ ಹೋದವಕ್ಕೆ ಬದುಕುವ ಅವಕಾಶ ಹೆಚ್ಚು. ಅವರು ಹೇಳಿದ್ದು ಇಷ್ಟು. ಅವರ ಕಣ್ಣೆದುರು ಇದ್ದದ್ದು ಉಷ್ಣವಲಯದ ದಟ್ಟ ಕಾಡು. ಆದರೆ ಬೇವಿನ ಬುಡದಲ್ಲಿ ಮಳೆಗಾಲದಲ್ಲಿ ಹಸಿರು ಹಾಸಿದಂತೆ ಮೊಳೆತ ನೂರಾರು ಸಸಿಗಳು ಶಿವರಾತ್ರಿಯ ಹೊತ್ತಿಗೆ ಎಲ್ಲಿ ಹೋದವೆಂದು ಹುಡುಕಿದವರಿಗೆ ಈ ಮಾತು ಹೊಸದೆನಿಸದು.

ಹಣ್ಣು ತಿನ್ನುವ ಹಕ್ಕಿಗಳೆಲ್ಲ ಬಿತ್ತುವವಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬೆಳವ ಕಾಳನ್ನೇ ನುರಿದು ಅರಗಿಸಿಕೊಳ್ಳುತ್ತದೆ, ಗಿಳಿ ಬೀಜವನ್ನೇ ಕಚ್ಚಿ ಒಡೆಯುತ್ತದೆ. ತಿರುಳಿನ ಆಸೆಗೆ ಬಂದು ಬೀಜವನ್ನು ಇಡಿಯಾಗಿ ಬಿಟ್ಟುಹೋಗುವವು ಬೇರೆ. ಗಿಡಕ್ಕೆ ಬೇಕಾದ ಅತಿಥಿಗಳು ಈ ಎರಡನೆಯವರು.

ಈಗ ಜಾಲಿಯ ಸರದಿ. ಅದರ ಕಾಯಿ ನೋಡಿದ್ದೀರಲ್ಲ, ಬೀಜ ಬೀಜಕ್ಕೂ ನಡುವೆ ಸೊಂಟ ಕಟ್ಟಿದ ಬೂದುಬಣ್ಣದ ಸರ. ಬೇಸಿಗೆಯಲ್ಲಿ ಹುಲ್ಲೆಲ್ಲ ಒಣಗಿದಾಗ ಕುರಿ-ಆಡುಗಳಿಗೆ ಅದೇ ಹಬ್ಬದೂಟ. ಸುಗ್ಗಿ ಮುಗಿದ ಮೇಲೆ ನಮ್ಮ ಕಡೆ ಹೊಲದಲ್ಲಿ ಕುರಿ ನಿಲ್ಲಿಸುವ ರೂಢಿ ಇದೆ. ಕುರಿಗಾರರು ಬಂದು ರಾತ್ರಿ ಬಲೆ ಕಟ್ಟಿ ಮಂದೆಯನ್ನು ಹೊಲದಲ್ಲೇ ಮಲಗಿಸುತ್ತಾರೆ. ಹಿಕ್ಕಿ, ಗಂಜಳ ಎಲ್ಲ ನೆಲಕ್ಕೆ. ಅವರಿಗೆ ಕಾಳೋ ಹಣವೋ. ಒಂದು ಬೆಳಗ್ಗೆ ಮಂದೆ ಎದ್ದುಹೋದ ಜಾಗದಲ್ಲಿ ಹಿಕ್ಕಿಯ ನಡುವೆ ಕಂದುಬಣ್ಣದ ಚಪ್ಪಟೆ ಬೀಜಗಳು ಕಂಡವು. ಕೆಲವು ಹಿಕ್ಕಿಯೊಳಗೆ ಇದ್ದವು, ಬಹಳಷ್ಟು ಹಾಗೇ ಮಣ್ಣಿನ ಮೇಲೆ ತೊಳೆದಿಟ್ಟಷ್ಟು ಶುಭ್ರವಾಗಿ ಬಿದ್ದಿದ್ದವು. ಕುರಿ ಕಾಯುವ ಹಿರಿಯರನ್ನು ಕೇಳಿದೆ.

"ಅಜ್ಜಾ, ಇವು ಹೊಟ್ಟಿಯಿಂದ ಬಂದವಲ್ಲ ಅನಸ್ತೈತಿ?"

"ಅಲ್ಲ ತಮ್ಮಾ. ರಾತ್ರಿ ಮೆಲಕ ಹಾಕೂ ಮುಂದ ಉಗಳ್ತಾವ. ಗಟ್ಟಿ ಬೀಜ ಹಲ್ಲಿಗಿ ಬಗ್ಗೂದಿಲ್ಲ. ಬಾರಿ ಗುಂಡನೂ ಹಂಗ ಉಗಳ್ತಾವ." ಆಮೇಲೆ ಬದುವಿನತ್ತ ಕೋಲು ಚಾಚಿ, "ಆ ಜಾಲಿ ಎಲ್ಲಾ ಯಾರ ಬಿತ್ತ್ಯಾರ ಅಂತ ಮಾಡೀ? ನಮ್ಮ ಕುರಿನ" ಎಂದರು. ಹೊಲ ತಮ್ಮದಲ್ಲದಿದ್ದರೂ ಗಿಡ ತಮ್ಮವು ಎಂಬ ಅಭಿಮಾನ ಆ ಮಾತಿನಲ್ಲಿತ್ತು. ಅದು ಅವರಿಗೆ ಸಲ್ಲಬೇಕಾದದ್ದೇ.

ಜಾಲಿಯ ಬೀಜದ ಸಿಪ್ಪೆ ಬಲು ಬಿಗಿ, ನೀರು ಸುಲಭಕ್ಕೆ ಒಳಗೆ ಇಳಿಯುವುದಿಲ್ಲ. ಹೊಟ್ಟೆಯ ಬಿಸಿ, ಹುಳಿ, ಮೆಲುಕಿನ ಉಜ್ಜಾಟ ಸೇರಿ ಸಿಪ್ಪೆ ಸಡಿಲಾಗುತ್ತದೆ; ಕಾಯಿಯಲ್ಲಿದ್ದಾಗಲೇ ಒಳಹೊಕ್ಕ ಕೊರೆಹುಳವೂ ಎಷ್ಟೋ ಸಲ ಅಲ್ಲೇ ಸಾಯುತ್ತದೆ. ಹೀಗಾಗಿ ಮಂದೆಯ ಬೀಜ ಗಿಡದಿಂದ ನೇರ ಕಿತ್ತ ಬೀಜಕ್ಕಿಂತ ಚೆನ್ನಾಗಿ ಮೊಳೆಯುತ್ತದೆ. ಅರಣ್ಯದವರಿಗೂ ಇದು ಹಳೆಯ ವಿಷಯ. ಜಾಲಿ ಬಿತ್ತಲು ಆಡಿನ ದೊಡ್ಡಿಗಳಿಂದ ಬೀಜ ಆರಿಸಿ ತರುತ್ತಿದ್ದ ಪದ್ಧತಿ ನಮ್ಮ ದೇಶದಲ್ಲಿ ಬಹಳ ಕಾಲ ಇತ್ತು. ಈಗ ಜೂನ್ ಬಂತೆಂದರೆ ಮಣ್ಣಿನಲ್ಲಿ ಬೀಜದುಂಡೆ ಮಾಡಿ ಗುಡ್ಡಗಳಿಗೆ ಎಸೆಯುವ ಕಾರ್ಯಕ್ರಮಗಳು ನಡೆಯುತ್ತವೆ. ಮಕ್ಕಳು ಅದರಲ್ಲಿ ಕೈಯಾಡಿಸುವುದು ನನಗೆ ಸಂತೋಷವೇ. ಆ ಮಕ್ಕಳನ್ನು ಒಂದು ಬೆಳಗ್ಗೆ ಕುರಿಹಟ್ಟಿಗೂ ಕರೆದೊಯ್ದರೆ ಇನ್ನೂ ಸಂತೋಷ. ಬೀಜದುಂಡೆಯನ್ನು ಗೊಬ್ಬರದ ಸಮೇತ ಮಾಡಿ, ದಿನವೂ ಹೊಸ ಜಾಗಕ್ಕೆ ಹೊತ್ತು, ಗೊರಸಿನಿಂದ ಒತ್ತಿ ನೆಡುವವರು ಅಲ್ಲಿದ್ದಾರೆ.

ಇದೇ ಕೆಲಸವನ್ನು ಕಾಡಿನಲ್ಲಿ ಚಿಂಕಾರ ಎಂಬ ಹುಲ್ಲೆ ಮಾಡುತ್ತದೆ. ಬೀಳಗಿ, ಮುಧೋಳದ ಕುರುಚಲು ಗುಡ್ಡಗಳಲ್ಲಿ 2016ರಲ್ಲಿ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮ ಘೋಷಣೆಯಾಯಿತು. ಚಿಂಕಾರ ಉಳಿಯಲಿ ಎಂಬುದಕ್ಕೆ ಅದರ ಚೆಲುವೊಂದೇ ಸಾಕು. ಆದರೂ ಬಾರಿಹಣ್ಣು ತಿಂದು ಮೆಲುಕು ಹಾಕುವ ಒಂದು ಜೀವ ಆ ಗುಡ್ಡದಿಂದ ಹೋದರೆ, ಬಾರಿಗಿಡಕ್ಕೆ ಗುಡ್ಡ ಹತ್ತಿಸುವ ಕಾಲುಗಳೂ ಹೋದಂತೆ ಎಂಬುದನ್ನು ನೆನಪಿಡಬೇಕು. ಬಾರಿಯ ವಿಷಯದಲ್ಲಿ ನಾವು ಮನುಷ್ಯರೂ ಹಿಂದೆ ಬಿದ್ದಿಲ್ಲ. ಸಂಕ್ರಮಣದಲ್ಲಿ ಕೂಸಿನ ತಲೆಯ ಮೇಲಿಂದ ಬಾರಿಹಣ್ಣು, ಕಬ್ಬಿನ ತುಣುಕು, ಚುರಮುರಿ ಸುರಿಯುತ್ತೇವೆ. ಓಣಿಯ ಹುಡುಗರೆಲ್ಲ ಆರಿಸಿಕೊಂಡು ಓಡುತ್ತಾರೆ. ತಿಂದು ಉಗುಳಿದ ಗುಂಡು ಗಟಾರದ ಬದಿಗೆ, ಶಾಲೆಯ ಹಿಂದೆ, ಹಿತ್ತಲ ಗೋಡೆಗೆ. ಮುಂದಿನ ಮಳೆಗೆ ಅಲ್ಲೆಲ್ಲ ಬಾರಿ ಮೊಳೆಯುತ್ತದೆ.

ಕುರಿ ಬಿತ್ತುವುದೆಲ್ಲ ನಮಗೆ ಹಿತವಾದದ್ದೇ ಎಂದಲ್ಲ. ಬಳ್ಳಾರಿ ಜಾಲಿ ಅಮೆರಿಕ ಖಂಡದ ಗಿಡ. 1870ರ ದಶಕದಲ್ಲಿ ಮದ್ರಾಸ್ ಪ್ರಾಂತ್ಯದ ಕಡಪ ಸೀಮೆಗೆ ಅದರ ಬೀಜ ತರಿಸಿದರು. ಬರಗಾಲದ ನಾಡಿಗೆ ಉರುವಲು ಸಿಗಲಿ ಎಂಬ ಒಳ್ಳೆಯ ಉದ್ದೇಶವೇ ಅದರ ಹಿಂದಿತ್ತು. ಅದರ ಕಾಯಿ ನಮ್ಮ ಜಾಲಿಯದಕ್ಕಿಂತ ಸಿಹಿ. ಆಡು, ದನ, ಹಂದಿ ಎಲ್ಲವೂ ತಿಂದು ಹೋದಲ್ಲೆಲ್ಲ ಹರಡಿದವು. ಹಳ್ಳದ ದಂಡೆ, ಗಾಂವಠಾಣ, ಕೆರೆಯ ಅಂಗಳ ಎಲ್ಲವನ್ನೂ ಅದು ಹಿಡಿದಿದೆ. ಬೀಜಕ್ಕೆ ದಾರಿ ಮಾಡಿಕೊಟ್ಟವರು ಅದೇ ಪ್ರಾಣಿಗಳು, ಅದೇ ದಾರಿ. ಬಂದವರಲ್ಲಿ ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಹೊರಗೆ ಹಾಕಬೇಕು ಎಂದು ನೋಡುವ ಕೆಲಸ ನೆಲದ ಒಡೆಯನದು.

ನಮ್ಮ ಎರೆಮಣ್ಣಿಗೂ ಈ ವ್ಯವಹಾರದಲ್ಲಿ ದೊಡ್ಡ ಪಾಲಿದೆ. ಮಳೆಯಾದ ಮರುದಿನ ಎರೆಹೊಲದಲ್ಲಿ ನಡೆದವರಿಗೆ ಗೊತ್ತು, ನಾಲ್ಕು ಹೆಜ್ಜೆಗೆ ಚಪ್ಪಲಿ ಎರಡು ಸೇರು ತೂಗುತ್ತದೆ. ಎತ್ತಿನ ಗೊರಸಿನ ಸಂದು, ಬಂಡಿಯ ಗಾಲಿ, ಈಗ ಟ್ರ್ಯಾಕ್ಟರಿನ ಟೈರು, ಎಲ್ಲದಕ್ಕೂ ಮಣ್ಣು ಮೆತ್ತಿಕೊಂಡು ಹೋಗುತ್ತದೆ. ಆ ಮಣ್ಣಿನಲ್ಲಿ ಎಷ್ಟು ಬೀಜ ಇರಬಹುದು? ಚಾರ್ಲ್ಸ್ ಡಾರ್ವಿನ್ನನಿಗೆ ಸ್ನೇಹಿತರೊಬ್ಬರು ಒಂದು ಕವುಜುಗದ ಕಾಲನ್ನು ಕಳಿಸಿದ್ದರು; ಅದಕ್ಕೆ ಅಂಟಿದ್ದ ಗಟ್ಟಿ ಮಣ್ಣಿನ ಉಂಡೆಯ ತೂಕ ಇನ್ನೂರು ಗ್ರಾಮಿಗೂ ಕಡಿಮೆ. ಮೂರು ವರ್ಷ ಒಣಗಿ ಬಿದ್ದಿದ್ದ ಆ ಮಣ್ಣನ್ನು ಡಾರ್ವಿನ್ ಪುಡಿಮಾಡಿ, ನೀರು ಹಾಕಿ ಗಾಜಿನ ಗಂಟೆಯ ಕೆಳಗಿಟ್ಟ. 82 ಗಿಡ ಎದ್ದವು! ಒಂದು ಹಕ್ಕಿಯ ಕಾಲಿನ ಮಾತು ಇದು. ನಮ್ಮ ಕಬ್ಬಿನ ಟ್ರೇಲರುಗಳು ಹಂಗಾಮಿನಲ್ಲಿ ಹೊಲದಿಂದ ಡಾಂಬರಿಗೆ, ಡಾಂಬರಿನಿಂದ ಕಾರ್ಖಾನೆಗೆ, ಅಲ್ಲಿಂದ ಇನ್ನೊಂದು ಊರಿನ ಹೊಲಕ್ಕೆ ಹಗಲೂರಾತ್ರಿ ತಿರುಗುತ್ತವೆ. ಕಾಂಗ್ರೆಸ್ ಕಸ ಹರಡಿದ ಬಗೆ ಇದರಿಂದ ಅರ್ಥವಾಗುತ್ತದೆ. ಮೆಕ್ಸಿಕೊ ಕಡೆಯ ಆ ಗಿಡ 1955ರ ಸುಮಾರಿಗೆ ಪುಣೆಯಲ್ಲಿ ಮೊದಲು ಕಣ್ಣಿಗೆ ಬಿತ್ತು. ಒಂದು ಗಿಡಕ್ಕೆ ಹದಿನೈದು ಸಾವಿರಕ್ಕೂ ಮಿಕ್ಕಿ ಬೀಜ. ಅದಕ್ಕೆ ಎಕ್ಕೆಯಂಥ ಕುಚ್ಚೂ ಇಲ್ಲ, ಹಕ್ಕಿಗೆ ಕೊಡಲು ಹಣ್ಣೂ ಇಲ್ಲ. ರಸ್ತೆ, ರೈಲು, ಲಾರಿ, ಕಾಳಿನ ಚೀಲ, ಮಳೆನೀರು ಸಾಕಾದವು. ಇವತ್ತು ಅದು ಇಲ್ಲದ ಊರಿನ ಹೆಸರು ಹೇಳುವುದು ಕಷ್ಟ.

ಮೈಗೆ ಅಂಟಿ ಹೋಗುವ ಕಲೆಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಗೌರವ ಇರುವುದು ನೆಗ್ಗಿಲಿನ ಮೇಲೆ. ನೆಲಕ್ಕೆ ಹರಡಿಕೊಂಡು ಹಳದಿ ಹೂ ಬಿಡುವ ಸಣ್ಣ ಬಳ್ಳಿ. ಅದರ ಕಾಯಿ ಒಣಗಿದಾಗ ಐದು ಹೋಳಾಗುತ್ತದೆ. ಒಂದೊಂದು ಹೋಳಿಗೂ ಎರಡು ಉದ್ದ ಮುಳ್ಳು, ಎರಡು ಗಿಡ್ಡ ಮುಳ್ಳು. ಹೇಗೆ ಬಿದ್ದರೂ ಒಂದು ಮುಳ್ಳು ಮೇಲೆ ನೋಡುತ್ತಿರುತ್ತದೆ. ಸೈಕಲ್ಲಿನ ಟೈರಿಗೂ ಬರಿಗಾಲಿಗೂ ಅದರ ಪರಿಚಯ ಆಗಿಯೇ ಇರುತ್ತದೆ. ಆದರೆ ಅದರ ಜಾಣತನ ಇರುವುದು ಮುಳ್ಳಿನ ಒಳಗೆ. ಒಂದು ಹೋಳಿನಲ್ಲಿ ಒಂದಕ್ಕಿಂತ ಹೆಚ್ಚು ಬೀಜ ಇರುತ್ತವೆ. ದೊಡ್ಡದು ಮೊದಲು ಮೊಳೆಯುತ್ತದೆ, ಉಳಿದವು ಒಳಗೇ ಮಲಗಿರುತ್ತವೆ. ಈ ವರ್ಷದ ಮಳೆ ಕೈಕೊಟ್ಟು ಹಿರಿಯದು ಒಣಗಿಹೋದರೆ ಕಿರಿಯದು ಇನ್ನೊಂದು ವರ್ಷ ಏಳುತ್ತದೆ. ಬೀಜ ಹರಡುವುದೆಂದರೆ ದೂರಕ್ಕೆ ಕಳಿಸುವುದು ಎಂದಷ್ಟೇ ಎಣಿಸುತ್ತೇವೆ. ಮಳೆಯನ್ನು ನಂಬಲಾಗದ ಈ ಸೀಮೆಯಲ್ಲಿ ಮುಂದಿನ ವರ್ಷಗಳಿಗೆ ಕಳಿಸುವುದೂ ಅಷ್ಟೇ ಮುಖ್ಯ.

ಗಾಳಿಯ ಮಾತಿಗೆ ಬಂದರೆ ಎಕ್ಕೆಯನ್ನು ಬಿಟ್ಟು ಮುಂದೆ ಹೋಗಲಾರೆ. ಎಕ್ಕೆಯ ಕಾಯಿ ಬಿರಿಯುವ ಹೊತ್ತಿಗೆ ಒಂದನ್ನು ಕೈಯಲ್ಲಿ ಹಿಡಿದು ನೋಡಬೇಕು, ಹಾಲು ಕಣ್ಣಿಗೆ ತಾಗದಂತೆ. ಒಂದೇ ಸೀಳಿನಲ್ಲಿ ಅದು ಬಾಯಿ ತೆರೆಯುತ್ತದೆ. ಒಳಗೆ ಕಂದು ಬೀಜಗಳು ಹಂಚಿನ ಮನೆಯ ಹಂಚಿನಂತೆ ಒಂದರ ಅಂಚಿನ ಮೇಲೆ ಒಂದು ಒರಗಿವೆ. ಪ್ರತಿ ಬೀಜದ ತುದಿಗೂ ರೇಷ್ಮೆಯ ಒಂದು ಕಟ್ಟು, ಇನ್ನೂ ಹಸಿ, ಇನ್ನೂ ಮಡಿಸಿಟ್ಟದ್ದು. ಬಿಸಿಲು ತಾಗಿ ತೇವ ಆರಿದಂತೆ ಹೊರಗಿನ ಸಾಲಿನ ಕಟ್ಟು ಬಿಚ್ಚುತ್ತದೆ, ಒಂದೊಂದೇ ಎಳೆ ದೂರ ಸರಿದು ಕುಚ್ಚು ದುಂಡಗಾಗುತ್ತದೆ, ಗಾಳಿ ಬಂದಾಗ ಬೀಜ ಹೊರಡುತ್ತದೆ. ಒಳಸಾಲಿನದು ತನ್ನ ಸರದಿ ಬರುವ ತನಕ ಮಡಿಸಿಕೊಂಡೇ ಇರುತ್ತದೆ. ಒಂದು ಕಾಯಿ ಖಾಲಿಯಾಗಲು ದಿನಗಳೇ ಹಿಡಿಯುತ್ತವೆ; ಅಷ್ಟರಲ್ಲಿ ಗಾಳಿ ಎಷ್ಟೋ ಸಲ ದಿಕ್ಕು ಬದಲಿಸಿರುತ್ತದೆ, ಬೀಜಗಳೂ ಎಲ್ಲ ದಿಕ್ಕಿಗೆ ಹೋಗಿರುತ್ತವೆ.

ಇಂಥ ಕುಚ್ಚು ಗಾಳಿಯಲ್ಲಿ ತೇಲುವುದು ಹೇಗೆಂದು ಎಡಿನ್‌ಬರೊ ವಿಶ್ವವಿದ್ಯಾಲಯದವರು ಯುರೋಪಿನ ಡ್ಯಾಂಡೆಲಿಯನ್ ಎಂಬ ಹೂವಿನ ಬೀಜದ ಮೇಲೆ ಪ್ರಯೋಗ ಮಾಡಿ 2018ರಲ್ಲಿ ಪ್ರಕಟಿಸಿದರು. ಆ ಕುಚ್ಚಿನಲ್ಲಿ ಎಳೆಗಿಂತ ಎಳೆಗಳ ನಡುವಿನ ಖಾಲಿ ಜಾಗವೇ ಬಹುಪಾಲು. ಆ ಸಂದಿಯಿಂದ ಮೇಲೇಳುವ ಗಾಳಿ ಕುಚ್ಚಿನ ಮೇಲ್ಭಾಗದಲ್ಲಿ, ಅದಕ್ಕೆ ತಾಗದೆ, ಉಂಗುರದಂತೆ ಸುತ್ತುತ್ತ ನಿಲ್ಲುತ್ತದೆ. ಆ ಸುಳಿ ಬೀಜವನ್ನು ಬೇಗ ಕೆಳಗಿಳಿಯಗೊಡುವುದಿಲ್ಲ. ಅಂಥ ಸುಳಿಯನ್ನು ಅದಕ್ಕೂ ಮುಂಚೆ ಯಾರೂ ಕಂಡಿರಲಿಲ್ಲ.

ಎಕ್ಕೆಯ ರೇಷ್ಮೆಯಿಂದ ನನ್ನ ಮನಸ್ಸು ನೇರ ಹತ್ತಿಗೆ ಹೋಗುತ್ತದೆ. ನಮ್ಮಿಂದ ಕೂಗಳತೆಯಲ್ಲಿ ರಬಕವಿ, ಬನಹಟ್ಟಿ. ಓಣಿ ಓಣಿಯಲ್ಲಿ ಮಗ್ಗದ ಸದ್ದು. ಅಲ್ಲಿ ನೇಯುವ ಹತ್ತಿ ನೂಲು ಏನು? ಬೀಜದ ಕೂದಲು. ಒಂದು ಹತ್ತಿಕಾಳಿನ ಸಿಪ್ಪೆಯ ಮೇಲೆ ಹತ್ತು ಸಾವಿರಕ್ಕೂ ಹೆಚ್ಚು ಎಳೆ ಬೆಳೆಯುತ್ತವೆ, ಒಂದೊಂದು ಎಳೆಯೂ ಒಂದೇ ಒಂದು ಜೀವಕೋಶ. ಕಣ್ಣಿಗೆ ಕಾಣದಷ್ಟು ಚಿಕ್ಕದಿರಬೇಕಾದ ಕೋಶ ಇಲ್ಲಿ ಒಂದಂಗುಲ ಉದ್ದವಾಗುತ್ತದೆ. ಹತ್ತಿಯ ಕಾಡುಬಂಧುಗಳಲ್ಲಿ ಈ ಕೂದಲು ಗಿಡ್ಡ, ಕಂದು, ಒರಟು. ಬೀಜದ ಪ್ರಯಾಣಕ್ಕೆ ಒದಗುತ್ತಿದ್ದ ಅದನ್ನು ಸಾವಿರಾರು ವರ್ಷ ಮನುಷ್ಯ ಆರಿಸುತ್ತ, ಬಿತ್ತುತ್ತ, ಮತ್ತೆ ಆರಿಸುತ್ತ ಉದ್ದ ಮಾಡಿದ, ಬಿಳಿ ಮಾಡಿದ. ಅದಕ್ಕೆ ಪ್ರತಿಯಾಗಿ ಹತ್ತಿಯ ಬೀಜಕ್ಕೆ ಸಿಕ್ಕ ವಾಹನ ಯಾವ ಗಾಳಿಯೂ ಕೊಡದಂಥದ್ದು. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಹತ್ತುತ್ತಿದ್ದ ಕಾಲದಲ್ಲಿ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರು. 19ನೆಯ ಶತಮಾನದ ನಡುವಿನಲ್ಲಿ ಅಮೆರಿಕದ ಹತ್ತಿಬೀಜ ಧಾರವಾಡಕ್ಕೆ ಬಂದು ಧಾರವಾಡ ಅಮೆರಿಕನ್ ಆಯಿತು. ಕುಮಟಾ ತಳಿಯಿಂದ ಮುಂದೆ ಜಯಧರ ಬಂತು. ನೀರಾವರಿಗೆ ಮುಂಚೆ ನಮ್ಮ ಎರೆಹೊಲಗಳಲ್ಲಿ ಹತ್ತಿ, ಬಿಳಿಜೋಳ, ಕಡಲೆ, ಕುಸುಬೆ. ಅರಳೆ ಜಿನ್ನಿಗೆ, ಹತ್ತಿಕಾಳು ಎಮ್ಮೆಗೆ, ಎಮ್ಮೆಯ ಹಾಲು ನಮಗೆ. ಸಂಜೆ ದಾಣಿ ನೆನೆಸಿಡುವಾಗ ಆಯಿಯ ಬೆರಳಿಗೆ ಕಾಳಿನ ಮೇಲೆ ಉಳಿದ ನವಿರು ಹತ್ತಿಕೊಳ್ಳುತ್ತಿತ್ತು. ಸೀರೆಯ ಎಳೆಯೂ ಆ ಬೆರಳಿನ ನವಿರೂ ಒಂದೇ ಬೀಜದವು.

ಎಲ್ಲ ಗಿಡವೂ ಬೇರೆಯವರನ್ನು ಕಾಯುವುದಿಲ್ಲ. ಹೊಲದ ಅಂಚಿನ ಔಡಲ ತನ್ನ ಕೆಲಸ ತಾನೇ ಶುರು ಮಾಡುತ್ತದೆ. ಮೂರು ಹೋಳಿನ ಮುಳ್ಳುಕಾಯಿ ಒಣಗುತ್ತ ಬಂದಂತೆ ಅದರ ಗೋಡೆಯ ಪದರಗಳು ಒಂದೊಂದು ದಿಕ್ಕಿಗೆ ಎಳೆಯುತ್ತವೆ. ನಡುಮಧ್ಯಾಹ್ನದ ಬಿಸಿಲಿನಲ್ಲಿ ಆ ಬಿಗಿ ತಾಳಲಾರದೆ ಚಟ್ಟೆಂದು ಸಿಡಿದು ಬೀಜ ಹಲವು ಗಜ ದೂರ ಹಾರುತ್ತದೆ. ಮಾಳಿಗೆಯ ಮೇಲೆ ಔಡಲ ಒಣಹಾಕಿದ ಮನೆಗಳಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ನಿದ್ದೆ ಬರುವುದಿಲ್ಲ. ಹಾರಿದ್ದು ಅಲ್ಲಿಗೇ ಮುಗಿಯದು. ಬೀಜದ ಮೂತಿಯಲ್ಲಿ ಒಂದು ಬಿಳಿಯ ಗಂಟಿದೆ, ಎಣ್ಣೆಯ ಅಂಶ ತುಂಬಿದ್ದು. ಇರುವೆಗಳು ಅದರ ಆಸೆಗೆ ಇಡೀ ಬೀಜವನ್ನು ಎಳೆದುಕೊಂಡು ಗೂಡಿಗೆ ಒಯ್ಯುತ್ತವೆ. ಗಂಟು ತಿಂದು, ಒಡೆಯಲಾಗದ ಬೀಜವನ್ನು ಗೂಡಿನ ಕಸದ ಗುಂಡಿಗೆ ಎಸೆಯುತ್ತವೆ. ಆ ಕಸ ಒಳ್ಳೆಯ ಗೊಬ್ಬರ. ಹಾರುವುದು ಬಿಸಿಲಿನ ಬಲದಿಂದ, ಮುಂದಿನ ದಾರಿ ಇರುವೆಯ ಬೆನ್ನಿನ ಮೇಲೆ. ಒಂದೇ ಬೀಜಕ್ಕೆ ಎರಡು ಸವಾರಿ.

ಶೇಂಗಾದ ನಡೆ ಇದಕ್ಕೆ ತೀರ ವಿರುದ್ಧ. ಹೂವು ಮೇಲೆ ಅರಳುತ್ತದೆ. ಆಮೇಲೆ ಅದರ ಬುಡದಿಂದ ಒಂದು ದಂಟು ಕೆಳಮುಖವಾಗಿ ಇಳಿದು ಮಣ್ಣು ಹೊಕ್ಕು, ಕತ್ತಲಲ್ಲಿ ಕಾಯಿ ಕಟ್ಟುತ್ತದೆ. ಮಗುವನ್ನು ಮನೆಯ ಹೊಸ್ತಿಲು ದಾಟಗೊಡದ ತಾಯಿ ಅದು. ದಕ್ಷಿಣ ಅಮೆರಿಕದ ಒಣ ನೆಲದಲ್ಲಿ ಹುಟ್ಟಿದ ಗಿಡಕ್ಕೆ ತಾನು ನಿಂತ ಜಾಗವೇ ಸುರಕ್ಷಿತ ಎನಿಸಿದ್ದರೆ ಆಶ್ಚರ್ಯವಿಲ್ಲ. ಹಾಗೆ ಅಲುಗದೆ ಕೂತದ್ದು ಇಂದು ಜಗತ್ತಿನ ಎಷ್ಟೋ ದೇಶಗಳಲ್ಲಿ ಬೆಳೆಯುತ್ತಿದೆ, ಜೋಳದ ರೊಟ್ಟಿಯ ಜೊತೆ ಶೇಂಗಾ ಚಟ್ನಿಯಾಗಿ ನಮ್ಮ ತಾಟಿಗೂ ಬಂದಿದೆ. ಆ ರೊಟ್ಟಿಯ ಜೋಳವೂ ಪರದೇಶಿಯೇ, ಆಫ್ರಿಕದ್ದು. ಕಾಡುಜೋಳದ ತೆನೆ ಮಾಗಿದರೆ ಕಾಳು ತಾನೇ ಉದುರುತ್ತದೆ. ಉದುರದ ತೆನೆಯನ್ನೇ ಜನ ಮನೆಗೆ ತಂದು, ಅದನ್ನೇ ಮತ್ತೆ ಬಿತ್ತಿ, ಕೊನೆಗೆ ಉದುರುವುದನ್ನೇ ಮರೆತ ಜೋಳ ನಮ್ಮ ಪಾಲಿಗೆ ಬಂತು. ಈಗ ಕೂರಿಗೆ ಹಿಡಿದು ಬಿತ್ತುವವರು ಇಲ್ಲದಿದ್ದರೆ ಅದಕ್ಕೆ ಮುಂದಿನ ವರ್ಷವೇ ಇಲ್ಲ. ಎಳ್ಳು ಮಾತ್ರ ಇನ್ನೂ ಪೂರ್ತಿ ಒಗ್ಗಿಲ್ಲ. ಕೊಯ್ಲು ನಾಲ್ಕು ದಿನ ತಡವಾದರೆ ಕಾಯಿ ಬಾಯಿ ಬಿಟ್ಟು ಅರ್ಧ ರಾಶಿ ಹೊಲಕ್ಕೇ ಹೋಗುತ್ತದೆ.

ಕಬ್ಬಿನ ಮಾತು ಬಾರದೆ ಮಹಾಲಿಂಗಪುರದವನ ಬರಹ ಮುಗಿಯುವುದಿಲ್ಲ. ಚಳಿಗಾಲದಲ್ಲಿ ಕಬ್ಬಿಗೆ ತುರಾಯಿ ಬರುತ್ತದೆ, ಬೂದುಬಿಳುಪಿನ ರೇಷ್ಮೆಯ ಗೊಂಡೆ. ನೋಡಲು ಚಂದ, ರೈತನಿಗೆ ಬೇಸರ. ತುರಾಯಿ ಬಂದ ಕಬ್ಬು ಬೆಳೆಯುವುದು ನಿಲ್ಲಿಸುತ್ತದೆ, ಬೆಂಡಾಗುತ್ತದೆ, ತೂಕ ಬರುವುದಿಲ್ಲ. ಅದರಲ್ಲಿ ನವಿರುಕೂದಲಿನ ಧೂಳಿನಂಥ ಬೀಜಗಳು ಗಾಳಿಗೆ ಹೊರಡುತ್ತವೆ, ನಮ್ಮ ಹೊಲಗಳಲ್ಲಿ ಅವು ಮೊಳೆಯುವುದು ಇಲ್ಲವೆಂಬಷ್ಟು ಅಪರೂಪ. ನಾವು ಹಚ್ಚುವುದು ಬೀಜದ ಕಬ್ಬಿನ ತುಂಡು. ಗಣ್ಣಿನ ಕಣ್ಣು ಒಡೆದರೆ ಆಯಿತು. ಕಬ್ಬಿಗೆ ಬೀಜವೇ ಇಲ್ಲ ಎಂದು ಬಹಳ ಕಾಲ ಎಲ್ಲರೂ ನಂಬಿದ್ದರು. ಜಾವಾ ಮತ್ತು ಬಾರ್ಬಡೋಸ್ ದ್ವೀಪಗಳಲ್ಲಿ 1880ರ ದಶಕದ ಕೊನೆಯಲ್ಲಿ ಬೀಜದಿಂದ ಸಸಿ ಎದ್ದಾಗ ಆ ನಂಬಿಕೆ ಹೋಯಿತು. 1912ರಲ್ಲಿ ಕೊಯಮತ್ತೂರಿನಲ್ಲಿ ಕಬ್ಬಿನ ತಳಿ ಕೇಂದ್ರ ಶುರುವಾಯಿತು, ಸಿ.ಎ. ಬಾರ್ಬರ್ ಮತ್ತು ಟಿ.ಎಸ್. ವೆಂಕಟರಾಮನ್ ಅವರು ಸಿಹಿಕಬ್ಬಿಗೂ ಕಾಡುಕಬ್ಬಿಗೂ ಕೂಡಿಸಿ ಕೋ 205 ತಂದರು. ನಮ್ಮ ಭಾಗದಲ್ಲಿ ವರ್ಷಗಳಿಂದ ಬೆಳೆಯುವ ಕೋ 86032 ಕೂಡ ಅಲ್ಲಿನದೇ. ಇಲ್ಲಿ ಹಾರಿಹೋಗುವ ತುರಾಯಿಯ ಧೂಳೇ ಅಲ್ಲಿ ಇಡೀ ಸೀಮೆಯ ಬೆಳೆಗೆ ಮೂಲ.

ನೀರಿನ ದಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 2019ರ ಆಗಸ್ಟಿನಲ್ಲಿ ಘಟಪ್ರಭೆ, ಕೃಷ್ಣೆ ಎರಡೂ ಉಕ್ಕಿ ಹರಿದವು. ಮುಧೋಳ, ಜಮಖಂಡಿ ಭಾಗದ ಜನ ಕಳೆದುಕೊಂಡದ್ದನ್ನು ನೆನೆದರೆ ಬೀಜದ ಮಾತು ಆಡಲು ಮನಸ್ಸು ಬಾರದು. ನೀರು ಇಳಿದ ಮೇಲೆ ಹೊಳೆದಂಡೆಯ ಹೊಲಗಳಲ್ಲಿ ಎಂದೂ ಕಾಣದ ಕಳೆಗಳು ಎದ್ದವು ಎಂಬುದನ್ನಷ್ಟೇ ಬರೆಯುತ್ತೇನೆ.

ಇಷ್ಟೆಲ್ಲ ಹೇಳಿದ್ದು ಬದುವಿನ ಸಲುವಾಗಿ. ಬೀಜ ಬರುವುದು ನಿಂತಿಲ್ಲ. ಗೊರವಂಕ ಇಂದೂ ಬೇವು ನುಂಗುತ್ತದೆ, ಬಾವಲಿ ಇಂದೂ ಹಾರುತ್ತದೆ. ಹಳೆಯ ಮಾಳಿಗೆಮನೆಗಳ ಕುಂಬಿಯಲ್ಲಿ, ನೀರಿನ ಟಾಕಿಯ ಬಿರುಕಿನಲ್ಲಿ ಆಲ-ಅರಳಿ ಇಂದೂ ಮೊಳೆಯುತ್ತವೆ. ಕೊರತೆ ಇಳಿಯುವ ಜಾಗದ್ದು. ಬಂಡಿ ಹೋಗುವಷ್ಟು ಅಗಲವಿದ್ದ ಬದುಗಳು ಎರಡೂ ಕಡೆಯ ರಂಟೆಗೆ ಸವೆದು ಒಂದು ಮೊಳಕ್ಕೆ ಬಂದಿವೆ. ಅದರ ಮೇಲೆ ಕಬ್ಬು ಕಡಿದ ನಂತರ ರವದಿಗೆ ಹಚ್ಚುವ ಬೆಂಕಿ. ಹೊಲದ ರವದಿ ಸುಡುವಾಗ ಬದುವಿನ ಗೇಣುದ್ದದ ಸಸಿಗಳು ಯಾರ ಲೆಕ್ಕಕ್ಕೂ ಬಾರದೆ ಸುಟ್ಟುಹೋಗುತ್ತವೆ. ಹಿಂದಿನವರು ಬೇವು ಹಚ್ಚಲಿಲ್ಲ, ನಿಜ. ಆದರೆ ಕುಂಟೆ ಹೊಡೆಯುವಾಗ ಸಸಿ ಕಂಡರೆ ಎತ್ತನ್ನು ಗೇಣು ಆಚೆ ತಿರುಗಿಸುತ್ತಿದ್ದರು. ಹಕ್ಕಿ ಮಾಡಿದ ಕೆಲಸಕ್ಕೆ ಅವರು ಕೂಡಿಸಿದ್ದು ಆ ಒಂದು ಗೇಣು. ನಾವು ಕಾಣುವ ಗಿಡಗಳೆಲ್ಲ ಆ ಗೇಣಿನವು.

ಈ ಮಾತನ್ನು ನಮ್ಮ ಕಾಕಾನ ಮುಂದೆ ಎತ್ತಿದೆ. ಹೊಲ ನೋಡಿಕೊಳ್ಳುವವರು ಅವರು. "ಬೇವಿನ ನೆರಳಿಗಿ ಎರಡ ಸಾಲ ಕಬ್ಬ ಏಳೂದಿಲ್ಲ, ಗೊತ್ತೈತಿಲ್ಲೊ ತಮ್ಮಾ?" ಎಂದರು. ಅದು ಸುಳ್ಳಲ್ಲ; ಎರಡು ಸಾಲೆಂದರೆ ದುಡ್ಡು. ಹೊಲದ ನಡುವೆ ಗಿಡ ಬಿಡಿ ಎಂದು ನಾನು ಕೇಳಲಿಲ್ಲ. ಕಾಲುವೆ ಬದಿಯ ಏರಿಯೊಂದನ್ನು ಬಿಡೋಣ, ಅಲ್ಲಿಯ ರವದಿಯನ್ನು ಒಳಗೆ ಎಳೆದು ಹಾಕೋಣ, ಸುಡುವ ಬದಲು ಪುಡಿಮಾಡುವ ಯಂತ್ರ ತರಿಸೋಣ ಎಂದೆ. ಯಂತ್ರದ ಬಾಡಿಗೆ ಕೇಳಿ ಮುಖ ಗಂಟಿಕ್ಕಿದರು, ರವದಿ ಎಳೆಯಲು ಒಪ್ಪಿದರು.

ಮಳೆ ಹಿಡಿದ ಮೇಲೆ ಇಬ್ಬರೂ ಏರಿಯ ಉದ್ದಕ್ಕೂ ನಡೆದು ನೋಡಿದೆವು. ಬೇವು ಬಂದಿತ್ತು, ಬಾರಿ ಬಂದಿತ್ತು, ಬಳ್ಳಾರಿ ಜಾಲಿ ಎಲ್ಲಕ್ಕಿಂತ ಹೆಚ್ಚು ಬಂದಿತ್ತು. ಅದನ್ನು ಬೇರುಸಹಿತ ಕೀಳುತ್ತ ಹೋದೆವು. ನಡುವೆ ಸಣ್ಣ ಎಲೆಯ ಒಂದು ಸಸಿಗೆ ನಾನು ಕೈ ಹಾಕಿದಾಗ ಕಾಕಾ ತಡೆದರು. "ಏ, ಅದನ್ನ ಮುಟ್ಟಬ್ಯಾಡ. ಅದು ಬನ್ನಿ. ದಸರಾಕ್ಕ ಬೇಕಾಕ್ಕೈತಿ" ಎಂದು ತಾವೇ ಒಂದು ಜಾಲಿಯ ಮುಳ್ಳುಕಂಟಿ ಕಡಿದು ತಂದು ಅದರ ಸುತ್ತ ಇಟ್ಟರು.